ಮಂಗಳವಾರ

ಮಲಕಾಜಪ್ಪ, ನೀ ಸತ್ತಾಗ ನಾವು ಚಪ್ಪಾಳಿ ಹೊಡದ್ವಿ.
ಟಿಳಕವಾಡಿಯ ಮೂರನೇ ಮಾಳಿಗಿ,
ಹೊರಗ ಬೆಳಗಾವಿಯ ಜಿಟಿಜಿಟಿ,
ಒಳಗ ನಲವತ್ತು ಮಂದಿ, ಎಲ್ಲಾರದೂ ಇಸ್ತ್ರಿ ಅಂಗಿ.
"ಹೋಗಿಲ್ಲ ಆತ, ಮೈ ಕಳಚಿಟ್ಟಾನ ಅಷ್ಟ.
ಇಪ್ಪತ್ತೊಂದು ವರ್ಷ ರಜಾ. ಮತ್ತ ಬಂದು
ಹಾಜರಿ ಪುಸ್ತಕದಾಗ ಸಹಿ ಮಾಡತಾನ"
ಅಂದರು ದೊಡ್ಡವರು, ನಕ್ಕೋತ.
ಎಲ್ಲಾರಿಗಿಂತ ಕಡೀಕ ನಿಂತದ್ದು ನನ್ನ ಚಪ್ಪಾಳಿ.

ಸಾವಿರ ಜನ್ಮದ ಕರಾರಿಗೆ ಇಬ್ಬರೂ
ಒಂದ ಪೆನ್ನಿನಾಗ ಸಹಿ ಮಾಡಿದ್ವಿ, ನೆನಪೈತೇನು?
ಶಾಯಿ ತೀರಿ ನಿನ್ನ ಹೆಸರಿನ ತುದಿ
ಬರೇ ಗೀರಾಗಿ ಉಳದಿತ್ತು.
"ಮಲಕಾಜ ಅಷ್ಟ ಸಿಕ್ಕಾನ ಇವರಿಗೆ,
ಅಪ್ಪ ಹೊರಗ ಉಳದಾನ" ಅಂತ ನಕ್ಕಿದ್ದಿ.

ಜ್ವರ ಬಂದಾಗ, ಅದು ಜ್ವರ ಅಲ್ಲ, ಅನುಮಾನ ಅಂದ್ರು.
ಕಣ್ಣು ಅರಿಷಿಣ ಆದಾಗ, ಇನ್ನೂ ಹಳೇ ಅನುಮಾನ.
ಫೀ ಕಟ್ಟಿ ಮುಂದಿನ ಮೆಟ್ಟಲ ಏರಿದರ ಇಳೀತೈತಿ.
ಕಟ್ಟಿದವ ನಾನ. ಅಪ್ಪನ ಮಗ್ಗ ಮಾರಿದ ರೊಕ್ಕದಾಗ
ಉಳದಿದ್ದ ಹದಿನಾಲ್ಕು ಸಾವಿರ.
ರಸೀದಿ ಇನ್ನೂ ಟ್ರಂಕಿನಾಗೈತಿ.
ದವಾಖಾನಿಗೆ ಅಂತ ಹೋದದ್ದು ಕಡೀ ರಾತ್ರಿ, ಆಟೋದಾಗ,
ನಿನ್ನ ತಲಿ ನನ್ನ ತೊಡಿ ಮ್ಯಾಲ.

ಮರುದಿನ ನನ್ನ ಕೂಡಿಸಿದರು.
ಎರಡು ಕೈಯಾಗ ಎರಡು ತಗಡಿನ ಡಬ್ಬಿ,
ಎದುರಿಗೆ ಗಾಜಿನೊಳಗ ಒಂದು ಮುಳ್ಳು.
"ನೆನಸು ಅವನ್ನ." ನೆನಸಿದೆ.
"ಮತ್ತ ನೆನಸು." ನೆನಸಿದೆ.
ಹತ್ತು ಸಲ, ಇಪ್ಪತ್ತು ಸಲ,
ತೊಳದು ತೊಳದು ಖಣ ಬಣ್ಣ ಬಿಟ್ಟಂಗ
ನಿನ್ನ ಮುಖ ಬೆಳ್ಳಗಾಗೋ ತನಕ.
ಮುಳ್ಳು ತೇಲಿತು. ಶೋಕ ಮುಗೀತು ಅಂತ ಬರಕೊಂಡ್ರು.
ಖರೇ ಹೇಳತೇನಿ, ಹಗುರ ಅನಿಸಿತ್ತು.
ಆವತ್ತು ರಾತ್ರಿ ಎರಡು ಸಲ ಉಂಡೆ.

ಅಲ್ಲಿಂದ ಬಂದು ಆರು ವರ್ಷಾತು.
ಗುಳೇದಗುಡ್ಡದಾಗ ಖಣದ ಅಂಗಡಿಯ ಲೆಕ್ಕಾ ಬರೀತೇನಿ.
ಅವರ ಮಾತು ಒಂದೂ ನಂಬೂದಿಲ್ಲ.
ಆದರೂ ಸಾಲಿ ಬಿಡೋ ಹೊತ್ತಿಗೆ
ಒಂಬತ್ತು ವರ್ಷದ ಹುಡುಗರ ಮುಖ ನೋಡತೇನಿ.
ಒಬ್ಬ ನಿನ್ನಂಗ ಎಡಗೈಲೆ ಗೋಟಿ ಹೊಡದ.
ಹೆಸರು ಕೇಳಿದೆ. "ಇಮಾಮಸಾಬ" ಅಂದವನ ಓಡಿದ.
ಸಾಯಾಕ ಬಿಟ್ಟಿಲ್ಲ ನೋಡು, ಅವರು ನಿನ್ನ.
ನಾನೂ ಬಿಟ್ಟಿಲ್ಲ.

ನಿಮ್ಮವ್ವನ ಕಡೆ ಹೋದದ್ದು ಮೊನ್ನೆ.
ಆರು ವರ್ಷ ಆ ಓಣಿ ತಪ್ಪಿಸಿ ಸುತ್ತಹಾಕಿ ತಿರುಗಿದವ.
ಕಾಶವ್ವ ಕಂಡಿಕಿ ಸುತ್ತಾಕತ್ತಿದ್ದಳು.
"ಬಂದಿ?" ಅಂದಳು. ರಾಟಿ ನಿಲ್ಲಲಿಲ್ಲ.
ಗೋಡಿ ಮ್ಯಾಲ ಫೋಟೋ ಇಲ್ಲ. ಮೊಳಿ ಐತಿ.
"ಮಣ್ಣ ಕೊಡಾಕ ಕರೀಲಿಲ್ಲ ನೀವು, ಸುಟ್ಟಬಿಟ್ರಿ.
ಆಮ್ಯಾಲ ಕಾಗದ ಬಂತು,
ರಜಾ ಮ್ಯಾಲ ಹೋಗ್ಯಾನ ಅಂತ.
ಮಾಸ್ತರ ಕಡಿಂದ ಎರಡು ಸಲ ಓದಿಸಿದೆ.
ರಜಾ ಅಂದ್ರ ಮನಿಗೆ ಬರತಾರ ಅಲ್ಲಾ?
ಆ ವಾರ ದಿನಾಲೂ ಸಜ್ಜಿ ರೊಟ್ಟಿ ಬಡದೆ."

ನನ್ನ ಬಾಯಾಗ ಮಾತಿಲ್ಲ.
"ಕಡೀಕ ಏನಂದಾ?"
"ಆಟೋದವಗ ಸಾವಕಾಶ ಹೊಡಿಯೋ ಅಂದ.
ಕುಣಿ ಭಾಳ ಅದಾವ ಅಂದ."
ನಕ್ಕಳು ಕಾಶವ್ವ, ಹಲ್ಲಿಲ್ಲದ ನಗಿ.
ನಕ್ಕೋತ ನಕ್ಕೋತ
ರಾಟಿ ನಿಂತಿತು.

"ಯಾವತ್ತಂತ ಹೇಳು. ದಿನ ಮಾಡಬೇಕು."
ಅವರ ಶಕೆ ಬ್ಯಾರೆ ಇತ್ತು, ಅವರ ತಿಂಗಳು ಬ್ಯಾರೆ.
ತಾರೀಖು ನಿನ್ನ ಮುಖದ ಜೋಡಿ ತೊಳದು ಹೋಗೈತಿ.
ಕುಂದಾ ಅಂಗಡಿ ಮುಚ್ಚಿತ್ತು, ಅಷ್ಟ ಗೊತ್ತು;
ಬಾಗಲಕ್ಕ ವಾರದ ರಜಾದ ಹಲಗಿ ತೂಗಾಕತ್ತಿತ್ತು.
"ಮಂಗಳವಾರ" ಅಂದೆ.
"ಯಾವ ತಿಂಗಳು?"
"ಮಳಿ ಇತ್ತು, ಎವ್ವಾ."
"ಬೆಳಗಾವ್ಯಾಗ ಯಾವಾಗ ಇರೂದಿಲ್ಲ."
ಹರದ ನೂಲಿನ ತುದಿ ನಾಲಗಿಗೆ ಹಚ್ಚಿ
ಗಂಟು ಹಾಕಿದಳು.
"ಆತು. ಮಂಗಳವಾರ ಸಾಕು.
ಬರೂ ವಾರ ಬಾ. ಉಂಡು ಹೋಗು."

ಇವತ್ತು ಸೋಮವಾರ.
ಅಂಗಿ ಒಣಗೈತಿ.
ಇಸ್ತ್ರಿ ಮಾಡಂಗಿಲ್ಲ.